ಊರ ತುಂಬ ಬೋರಯ್ಯಂದಿರು

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಗ್ಯಾಸು ಮುಗಿಯಿತೆಂದು, ಸಿಲಿಂಡರು ತರುವ ಬೋರಯ್ಯನಿಗೆ ಫೋನು ಮಾಡಿ, ತುಂಬಿದ್ದೊಂದನ್ನು ತಂದಿಳಿಸಿ ಖಾಲಿಯದನ್ನು ಹೊತ್ತುಕೊಂಡು ಹೋಗಪ್ಪ, ಈ ಸಲವಾದರೂ ತಡ ಮಾಡಬೇಡ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಆ ಕಡೆಯಿಂದ, ಹೈಸ್ಕೂಲಿನಲ್ಲಿ ನನಗೆ ಸಂಧಿ ಸಮಾಸಗಳನ್ನು ಕಲಿಸಿದ ನಿವೃತ್ತ ಹೆಡ್ಮಾಸ್ಟರರ ಸ್ವರವು, ಈ ವಯಸ್ಸಿನಲ್ಲಿ ತಮಗೆ ಅಷ್ಟು ಭಾರ ಹೊರಲಾಗದೆಂದೂ, ಆದರೆ ಶಿಷ್ಯನ ಮನೆಯ ಒಲೆ ಆರಿರುವುದು ತಮಗೂ ಖೇದದ ವಿಷಯವೇ ಎಂದೂ ಪರಿಶುದ್ಧವಾದ ಕನ್ನಡದಲ್ಲಿ ತಿಳಿಸಿತು. ಅವರೂ ಬೋರಯ್ಯನವರೇ.

ತಪ್ಪು ನನ್ನ ಬೆರಳಿನದು, ಬೆರಳಿಗಿಂತ ಹೆಚ್ಚಾಗಿ ಚಳ್ಳಕೆರೆ ಸೀಮೆಯದು. ನನ್ನ ಫೋನು ತೆಗೆದರೆ ಬೋರಯ್ಯಂದಿರ ಒಂದು ಸಣ್ಣ ಸಭೆಯೇ ನೆರೆದಿರುತ್ತದೆ. ಬೋರಯ್ಯ ಗ್ಯಾಸು, ಬೋರಯ್ಯ ಮೇಷ್ಟ್ರು, ಬೋರಯ್ಯ ಕಂಬಳಿ, ಬೋರಯ್ಯ ಶೇಂಗಾ ಮಂಡಿ, ಬೋರಯ್ಯ ಹೊಸಬ ಮತ್ತು ಬೋರಯ್ಯ ಎತ್ತಬಾರದು. ಹೊಸಬನು ಯಾವ ಕಾಲದಲ್ಲಿ ಹೊಸಬನಾಗಿದ್ದನೋ ನೆನಪಿಲ್ಲ. ಎತ್ತಬಾರದವನು ಯಾರೆಂಬುದೂ ಮರೆತುಹೋಗಿದೆ. ಆದರೂ ಆ ಹೆಸರು ಪರದೆಯ ಮೇಲೆ ಮೂಡಿದಾಗಲೆಲ್ಲ ಎತ್ತದಿರುವ ವ್ರತವನ್ನು ನಾನು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇನೆ. ಪಾಪ, ಆತ ಒಳ್ಳೆಯ ಸುದ್ದಿ ಹೇಳಲೆಂದೇ ಕರೆಯುತ್ತಿರಬಹುದು.

ನಮ್ಮ ಕಡೆ ಬೋರೇದೇವರ ಒಕ್ಕಲಿನ ದನಗಾಹಿ ಮನೆಗಳು ಹೆಚ್ಚು. ಹುಟ್ಟಿದ ಗಂಡುಕೂಸಿಗೆ ಮನೆದೇವರ ಹೆಸರಿಡುವುದು, ಇಲ್ಲವೇ ಅಜ್ಜನ ಹೆಸರಿಡುವುದು ರೂಢಿ. ಅಜ್ಜನಿಗೂ ಮನೆದೇವರ ಹೆಸರನ್ನೇ ಇಟ್ಟಿರುತ್ತಿದ್ದುದರಿಂದ ಹೇಗೆ ನಡೆದರೂ ದಾರಿ ಬೋರಯ್ಯನಲ್ಲಿಗೇ ಹೋಗಿ ಸೇರುತ್ತಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ, ತಳಕಿನ ಹತ್ತಿರ, ಯಾರಾದರೂ ಕಿಟಕಿಯಿಂದ 'ಲೇ ಬೋರಯ್ಯ' ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುವುದನ್ನು, ಒಮ್ಮೊಮ್ಮೆ ಡ್ರೈವರೂ ತಿರುಗಿ ನೋಡುವುದನ್ನು, ನಾನು ಕಂಡು ಬೆವತಿದ್ದೇನೆ. ಇದು ಭೂಮಂಡಲದಲ್ಲಿ ನಮ್ಮದೊಂದೇ ವೈಶಿಷ್ಟ್ಯವೆಂದು ಬಹುಕಾಲ ಒಳಗೊಳಗೇ ಬೀಗುತ್ತಿದ್ದೆ. ಆ ಹೆಮ್ಮೆಯನ್ನು ಇಳಿಸಿದವನು ಸ್ಕಾಟ್ಲೆಂಡಿನ ಜಾನ್ ಮೆಕೇ.

ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಪಕ್ಕದಲ್ಲಿ ಈಗ ಸಂಶೋಧನೆಯ ದೊಡ್ಡ ದೊಡ್ಡ ಆವರಣಗಳು ಎದ್ದಿವೆಯಷ್ಟೆ. ಹುಲ್ಲಿನ ವಿಷಯ ಅಧ್ಯಯನ ಮಾಡಲು ಆತ ಅಲ್ಲಿಗೆ ಬಂದಿದ್ದ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೆಂದು ತಿಳಿದು, ನಾಲ್ಕು ಮಾತು ಕಲಿಯಲು ಭಾನುವಾರಗಳಂದು ನಮ್ಮ ಮನೆಗೆ ಬರತೊಡಗಿದ. ನಮ್ಮಪ್ಪ ದನ ಕಾಯುತ್ತಿದ್ದುದೂ ಅದೇ ಕಾವಲಿನಲ್ಲಿ. ಅಪ್ಪ ಜೀವಮಾನವಿಡೀ ಆ ಹುಲ್ಲನ್ನು ದನಗಳಿಗೆ ತಿನ್ನಿಸಿದ, ಈ ಮನುಷ್ಯ ಅದನ್ನು ಕಾಗದದ ಲಕೋಟೆಯಲ್ಲಿ ತುಂಬುತ್ತಾನೆ ಎಂದು ನಮ್ಮವ್ವನಿಗೆ ಮೊದಮೊದಲು ಆತನ ಬುದ್ಧಿಯ ಮೇಲೆ ಗುಮಾನಿ ಇತ್ತು.

ಬೋರಯ್ಯಂದಿರ ಕತೆ ಕೇಳಿ ಆತ ಹೊಟ್ಟೆ ಹಿಡಿದು ನಕ್ಕ. ಆಮೇಲೆ ತನ್ನ ಫೋನಿನಲ್ಲಿ ಒಂದು ಪುಟ ತೆಗೆದು ತೋರಿಸಿದ. ಅದರಲ್ಲಿ ಬರೀ ಜಾನ್ ಮೆಕೇಗಳು. ಒಬ್ಬ ಪಾದ್ರಿ, ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬ ಶಾಸನಸಭೆಯ ಸದಸ್ಯ, ಒಬ್ಬ ವಿಜ್ಞಾನಿ, ಹೀಗೆ ಖ್ಯಾತನಾಮರೆಲ್ಲ ಒಂದೇ ನಾಮದ ಕೆಳಗೆ ಸಾಲಾಗಿ ನಿಂತಿದ್ದರು. 'ನಾನು ಇದರಲ್ಲಿಲ್ಲ, ಕುದುರೆ ಕದ್ದ ನಮ್ಮ ಮುತ್ತಾತನೂ ಇಲ್ಲ' ಎಂದು ಖುಷಿಯಿಂದಲೇ ಹೇಳಿದ. ಸಮುದ್ರದಂಚಿನ ಅವನ ಊರಿನಲ್ಲಿ ಅದೇ ಹೆಸರಿನವರು ಎಷ್ಟಿದ್ದಾರೆಂದರೆ, ಒಬ್ಬನನ್ನು ಕೆಂಪು ಕೂದಲಿನಿಂದ, ಇನ್ನೊಬ್ಬನನ್ನು ದೋಣಿಯ ಹೆಸರಿನಿಂದ, ಮತ್ತೊಬ್ಬನನ್ನು ಅಪ್ಪನ ಕಸುಬಿನಿಂದ ಗುರುತಿಸಬೇಕಂತೆ. ಇಷ್ಟು ಓದಿ, ಇಷ್ಟು ದೇಶ ಸುತ್ತಿ ಹೋದರೂ ಊರಿನಲ್ಲಿ ಅವನು ಇಂದಿಗೂ 'ಮೀನುಗಾಡಿಯವನ ಮಗ ಜಾನ್' ಅಷ್ಟೇ.

ಅಡುಗೆಮನೆಯ ಹೊಸ್ತಿಲಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದ ಅವ್ವನಿಗೆ ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವಳು ಕೇಳಿಸಿದ ಪ್ರಶ್ನೆ ಒಂದೇ. ಅವರೂರಿನ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುತ್ತಾರೋ? ಕರೆಯುತ್ತಾರೆ ಎಂದ ಜಾನ್. ಹಾಗಾದರೆ ಊರವರ ಗಂಡಂದಿರೆಲ್ಲ ಓಡಿ ಬರುವುದಿಲ್ಲವೋ ಎಂದು ಅವ್ವ ಮತ್ತೆ ಕೇಳಿಸಿದಳು. ಇಷ್ಟು ಸೂಕ್ಷ್ಮವಾದ ಸಮಸ್ಯೆಯನ್ನು ಅವನಿಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಬಹಳ ಹೊತ್ತು ಯೋಚಿಸಿ, ಈ ಬಗ್ಗೆ ತನ್ನ ತಾಯಿಯನ್ನು ವಿಚಾರಿಸಬೇಕು ಎಂದ.

ಅವ್ವ ಹಾಗೆ ಕೇಳಲು ಕಾರಣವಿತ್ತು. ನಮ್ಮಪ್ಪನ ಹೆಸರೂ ಬೋರಯ್ಯ. ಗಂಡನ ಹೆಸರನ್ನು ಬಾಯಿಂದ ಆಡಬಾರದೆಂಬ ಕಟ್ಟುಪಾಡಿನಲ್ಲಿ ಬೆಳೆದವಳು ಅವ್ವ. ಅವಳ ಮಟ್ಟಿಗೆ ಆ ನಿಷೇಧ ಗಂಡನಿಗೆ ಮಾತ್ರ ಸೀಮಿತವಾಗಿರಲಿಲ್ಲ, ಆ ಹೆಸರಿಗೇ ಅನ್ವಯಿಸುತ್ತಿತ್ತು. ಎಂದಮೇಲೆ ಊರಿನ ಸಮಸ್ತ ಬೋರಯ್ಯಂದಿರೂ ಅವಳ ಬಾಯಿಗೆ ನಿಷಿದ್ಧರಾದರು. ಅಪ್ಪನನ್ನು, ಮೊಳಕಾಲ್ಮುರಿನ ಕಡೆಯ ತವರಿನ ಮಾತಿನಲ್ಲಿ 'ಆಯಪ್ಪ' ಎಂದು ಕರೆದು ಮುಗಿಸುತ್ತಿದ್ದಳು. ಉಳಿದವರಿಗೆಲ್ಲ ಅವಳೇ ನಾಮಕರಣ ಮಾಡಬೇಕಾಯಿತು. ಹೆಡ್ಮಾಸ್ಟರರು ಬೆತ್ತದಪ್ಪ ಆದರು. ಚುನಾವಣೆ ಬಂದಾಗ ಮಾತ್ರ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಒಬ್ಬರು ಕೈಮುಗಿಯೋನು ಆದರು. ಕಂಬಳಿ ವ್ಯಾಪಾರದ ಬೋರಯ್ಯ, ಹುರಿಮೀಸೆಯ ಆಜಾನುಬಾಹು, ಪ್ರಾಯದಲ್ಲಿ ಒಮ್ಮೆ ಬಯಲಾಟದಲ್ಲಿ ಸೀತೆಯ ಪಾತ್ರ ಕಟ್ಟಿದ ಒಂದೇ ಅಪರಾಧಕ್ಕೆ ಅವ್ವನ ಬಾಯಲ್ಲಿ ಶಾಶ್ವತವಾಗಿ ಸೀತಮ್ಮನಾಗಿಬಿಟ್ಟ. 'ಸೀತಮ್ಮ ಬೀಡಿ ಸೇದ್ಕೊಂಡು ಕಟ್ಟೆ ಮ್ಯಾಲೆ ಕುಂತವ್ನೆ' ಎಂದು ಅವಳು ಹೇಳುವಾಗ ಹೊಸಬರು ಗಾಬರಿಯಾಗುತ್ತಿದ್ದರು. ಸಾಕ್ಷಾತ್ ಬೋರೇದೇವರಿಗೂ ವಿನಾಯಿತಿಯಿರಲಿಲ್ಲ. ಅವನು ಬರೀ 'ಮನೆದೇವ್ರು'.

ಕಷ್ಟವಾಗುತ್ತಿದ್ದುದು ಕಚೇರಿಗಳಲ್ಲಿ. ಗಂಡನ ಹೆಸರೇನಮ್ಮ ಎಂದು ಗುಮಾಸ್ತರು ಕೇಳಿದರೆ ಅವ್ವ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದಳು. ಇದಕ್ಕೆಂದೇ ಒಮ್ಮೆ ಪಕ್ಕದ ಮನೆಯ ಗೌರಮ್ಮನನ್ನು ಜೊತೆಗೆ ಕರೆದುಕೊಂಡು ಹೋದಳು. ಅಲ್ಲಿ ಹೋಗಿ ನಿಂತಮೇಲೆ ಇಬ್ಬರಿಗೂ ಹೊಳೆಯಿತು, ಗೌರಮ್ಮನ ಗಂಡನೂ ಬೋರಯ್ಯನೇ. ಗುಮಾಸ್ತರು ಕೇಳುತ್ತಾರೆ, ಅವ್ವ ಗೌರಮ್ಮನನ್ನು ನೋಡುತ್ತಾಳೆ, ಗೌರಮ್ಮ ಅವ್ವನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಕೊನೆಗೆ ಗುಮಾಸ್ತರೇ ಬೇಸತ್ತು, 'ಬೋರಯ್ಯನೋ ಓಬಯ್ಯನೋ ಅಷ್ಟಾದರೂ ಹೇಳ್ರವ್ವ' ಎಂದಾಗ ಇಬ್ಬರೂ ಮೊದಲನೆಯದಕ್ಕೆ ತಲೆ ಅಲ್ಲಾಡಿಸಿ ಕೆಲಸ ಮುಗಿಸಿಕೊಂಡು ಬಂದರು.

ನಗುವ ಮಾತು ಇಷ್ಟಾಯಿತು. ಹೋದ ವರ್ಷ ನನಗೊಬ್ಬ ಮೊಮ್ಮಗ ಹುಟ್ಟಿದ. ಅವ್ವ ತನ್ನ ಬಯಕೆಯನ್ನು ಬಾಣಂತಿಯ ಕೋಣೆಯ ಹೊರಗೇ ತಿಳಿಸಿಬಿಟ್ಟಳು. ಕೂಸಿಗೆ ಆಯಪ್ಪನ ಹೆಸರೇ ಆಗಬೇಕು. ನಿನ್ನಿಂದ ಹೇಗೂ ಆ ಹೆಸರು ಹಿಡಿದು ಕರೆಯಲಾಗದು, ಇಟ್ಟು ಏನು ಮಾಡುತ್ತೀ ಎಂದು ನಾನು ತಮಾಷೆಗೆ ಕೇಳಿದೆ. ಅವಳು ತಮಾಷೆಗೆ ತೆಗೆದುಕೊಳ್ಳಲಿಲ್ಲ.

'ಆಯಪ್ಪ ಹೋದ ಮ್ಯಾಲೆ ಈ ಮನೆಯಾಗೆ ಆ ಹೆಸ್ರು ಯಾರೂ ಕೂಗಿಲ್ಲ' ಎಂದಳು. 'ನಾನಂತೂ ಕೂಗಂಗಿಲ್ಲ. ಯಾರಾನ ಕೂಗೋದು ಕೇಳ್ಬೇಕು ನನಗೆ.'

ಅಪ್ಪ ಇದ್ದಾಗ ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು, ಗೆಳೆಯರು ಬೀದಿಯಿಂದ ಕೂಗುತ್ತಿದ್ದರು, ಜೊತೆಯ ದನಗಾಹಿಗಳು ಕಾವಲಿನ ಆ ತುದಿಯಿಂದ ಕೂಗಿದರೆ ಈ ತುದಿಗೆ ಕೇಳುತ್ತಿತ್ತು. ಅಷ್ಟು ಕಾಲ ಗಂಡನ ಹೆಸರನ್ನು ಅವಳು ಬರೀ ಕಿವಿಯಿಂದಲೇ ಅನುಭವಿಸಿದ್ದಳು. ಬೀದಿಯಲ್ಲಿ ಎಷ್ಟು ಮಂದಿ ಬೋರಯ್ಯಂದಿರನ್ನು ಎಷ್ಟು ಮಂದಿ ಕರೆದರೇನು, ನಮ್ಮ ಮನೆಯ ಬಾಗಿಲಿಗೆ ಬಂದು ಆ ಹೆಸರು ಕೂಗುವವರು ಯಾರೂ ಉಳಿದಿರಲಿಲ್ಲ.

ಆದರೆ ಆ ಹೆಸರು ಬೇಡವೆಂಬ ಸೊಸೆ ಶಿಲ್ಪಳ ಹಟವೂ ಸುಮ್ಮನೆ ಬಂದದ್ದಲ್ಲ. ಮದುವೆಗೆ ಮುಂಚೆ ಅವಳು ರಕ್ತ ಪರೀಕ್ಷೆಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಅಲ್ಲಿ ಒಂದೇ ಬೆಳಿಗ್ಗೆ ಬಂದ ಇಬ್ಬರು ಬೋರಯ್ಯಂದಿರ ವರದಿಗಳು ಅದಲುಬದಲಾಗಿ, ಸಕ್ಕರೆ ಕಾಯಿಲೆಯಿಲ್ಲದವನು ತಿಂಗಳುಗಟ್ಟಲೆ ಹೋಳಿಗೆ ಬಿಟ್ಟು ಸೊರಗಿದನಂತೆ, ಇದ್ದವನು ಜಿಲೇಬಿ ತಿಂದುಕೊಂಡು ಓಡಾಡಿದನಂತೆ. 'ಮಾವ, ನನ್ನ ಮಗನ ರಕ್ತದ ಬಾಟ್ಲಿ ನೋಡಿ ಇದು ಇನ್ನೊಬ್ರುದು ಇರ್ಬೋದು ಅನ್ನೋ ಅನುಮಾನನೂ ಬರ್ಬಾರ್ದು' ಎಂದಳು. ರಾತ್ರಿ ಹಗಲು ಫೋನಿನಲ್ಲಿ ಹುಡುಕಿ, ಜಗತ್ತಿನಲ್ಲೇ ಅಪರೂಪವೆಂದು ತನಗೆ ತೋರಿದ ಒಂದು ಹೆಸರನ್ನು ಅವಳು ಆರಿಸಿಟ್ಟಿದ್ದಳು: ವಿಹಾನ್.

ಆ ದಿನಗಳಲ್ಲಿ ನಾನು ಅವ್ವನ ಬಳಿ ಅವ್ವನ ಪಕ್ಷ, ಸೊಸೆಯ ಬಳಿ ಸೊಸೆಯ ಪಕ್ಷ. ಮೊಳಕಾಲ್ಮುರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಮಗನಂತೂ ಇಬ್ಬರಿಗೂ ಒಂದೊಂದು ರೇಷ್ಮೆ ಸೀರೆ ತಂದುಕೊಟ್ಟು ಅಂಗಡಿಗೆ ಪರಾರಿಯಾದ. ಕಡತದಲ್ಲಿ ಒಂದು ಹೆಸರು, ತೊಟ್ಟಿಲಲ್ಲಿ ಒಂದು ಹೆಸರು ಎಂಬ ನನ್ನ ಸಂಧಾನಸೂತ್ರವನ್ನು ಇಬ್ಬರೂ ಒಮ್ಮತದಿಂದ ತಿರಸ್ಕರಿಸಿದರು. ಕರೆಯದ ಹೆಸರು ಇದ್ದೇನು ಬಿಟ್ಟೇನು ಎಂದು ಅವ್ವ. ಎರಡು ಹೆಸರಾದರೆ ಗೊಂದಲವೂ ಎರಡಾಗುತ್ತದೆ ಎಂದು ಶಿಲ್ಪ. ತೊಟ್ಟಿಲು ಹಾಕುವ ದಿನ ಹತ್ತಿರವಾದಂತೆ ಅವ್ವ ಆ ಮಾತು ಎತ್ತುವುದನ್ನೇ ಬಿಟ್ಟಳು. ಬಿಟ್ಟದ್ದು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಅಷ್ಟರಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸುವ ದಿನ ಬಂತು. ಶಿಲ್ಪ ಮಗುವನ್ನೆತ್ತಿಕೊಂಡು ಹೋದಳು, ಚೀಲ ಹಿಡಿದು ನಾನೂ ಹೋದೆ. ತೊಟ್ಟಿಲು ಹಾಕುವ ಮೊದಲೇ ಅಲ್ಲಿಯ ಚೀಟಿಯಲ್ಲಿ ಅವಳು ತನ್ನ ಆಯ್ಕೆಯ ಹೆಸರನ್ನು ಬರೆಸಿಬಿಟ್ಟಳು. ಬೆಂಚುಗಳ ತುಂಬ ತಾಯಂದಿರು. ನರ್ಸಮ್ಮ ಬಾಗಿಲಿಗೆ ಬಂದು 'ವಿಹಾನ್' ಎಂದು ಕೂಗಿದರು. ಶಿಲ್ಪ ಎದ್ದಳು. ಅವಳ ಎಡಗಡೆಯವಳೂ ಎದ್ದಳು, ಹಿಂದಿನ ಬೆಂಚಿನವಳೂ ಎದ್ದಳು, ಬಾಗಿಲ ಬಳಿ ಹಾಲುಣಿಸುತ್ತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಜಗತ್ತಿನಲ್ಲೇ ಅಪರೂಪದ ಹೆಸರನ್ನು ಅವರೆಲ್ಲರೂ ತಂತಮ್ಮ ಫೋನಿನಲ್ಲಿ, ಅಷ್ಟೇ ಶ್ರದ್ಧೆಯಿಂದ ಹುಡುಕಿ ತೆಗೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಸೊಸೆಯ ಮುಖ ನೋಡಿ ಕೆಮ್ಮಿದಂತೆ ಮಾಡಿ ಹೊರಗೆ ಬಂದೆ.

ಶಿಲ್ಪ ಮನೆಯೊಳಗೆ ಬಂದವಳೇ, ಅಳುತ್ತಿದ್ದ ಕೂಸನ್ನು ಅವ್ವನ ತೊಡೆಯ ಮೇಲೆ ಹಾಕಿದಳು.

'ಅಜ್ಜಿ, ನೀವಂದಂಗೆ ಆ ಹೆಸ್ರೇ ಇಡಾಣ. ಅಲ್ಲಿದ್ದ ಅಷ್ಟು ಕೂಸುಗಳಾಗೆ ಬೋರಯ್ಯ ಅಂತ ಒಬ್ನೂ ಇರ್ಲಿಲ್ಲ.'

ಅದು ನಿಜ. ನನ್ನ ಫೋನಿನಲ್ಲಿ ಗುರುತು ಹತ್ತುವ ಬೋರಯ್ಯಂದಿರಲ್ಲಿ ನಲವತ್ತು ದಾಟದವನು ಒಬ್ಬನೂ ಇಲ್ಲವೆಂಬುದು ನನಗೂ ಆಗಲೇ ಹೊಳೆದದ್ದು. ನಾವು ನಗುತ್ತ ಕೂತಿದ್ದ ಹಾಗೆಯೇ ಊರು ತುಂಬಿದ್ದ ಹೆಸರೊಂದು ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಅವ್ವ ಕೂಸಿನ ತೊಡೆಯಲ್ಲಿ ಸೂಜಿ ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತ ಕೂತಳು.

ತೊಟ್ಟಿಲ ದಿನ ಹೆಂಗಸರೆಲ್ಲ ಸುತ್ತ ನಿಂತು ಹೆಸರು ಹೇಳಿ ತೂಗಿದರು. ನನ್ನ ಮಗಳು ಸೋದರತ್ತೆಯ ಹಕ್ಕಿನಿಂದ ಕೂಸಿನ ಕಿವಿಯಲ್ಲಿ ಉಸುರಿದಳು. ಊರಿಗೆ ಹೋಗಲು ಗಂಟು ಕಟ್ಟಿದ್ದ ಜಾನ್ ಕೂಡ ಬಂದು, ತನಗೆ ಸಾಧ್ಯವಾದ ಕನ್ನಡದಲ್ಲಿ ಹೆಸರನ್ನು ಹೇಳಿ ಎಲ್ಲರನ್ನೂ ನಗಿಸಿದ. ಆದರೆ ಆ ಗದ್ದಲದಲ್ಲಿ ಅವ್ವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ, ಅವಳು ಬಂದವರಿಗೆ ಎಲೆ ಹಾಕಿಸುವ ಗಡಿಬಿಡಿಯಲ್ಲಿದ್ದಳು. ಆಮೇಲೆ ಮನೆಯಲ್ಲಿ ಕೂಸನ್ನು ಬಂಗಾರಿ, ಚಿನ್ನು ಎಂದು ಮುದ್ದಿಗೆ ಕರೆಯುವುದೇ ನಡೆಯಿತು. ಇಟ್ಟ ಹೆಸರು ಇಟ್ಟಲ್ಲೇ ಇತ್ತು.

ಹೋದ ವಾರ ಒಂದು ಸಂಜೆ, ಈಗ ಅಂಬೆಗಾಲಿಡುವ ಆ ಪುಣ್ಯಾತ್ಮ ಯಾರ ಕಣ್ಣಿಗೂ ಬೀಳದೆ ಹೊಸ್ತಿಲು ದಾಟಿ, ಅಂಗಳದ ಮೆಟ್ಟಿಲಿನ ತುದಿಗೆ ಹೋಗಿಬಿಟ್ಟಿದ್ದ. ಹಿತ್ತಲಿನಿಂದ ಬಟ್ಟೆ ತರುತ್ತಿದ್ದ ಶಿಲ್ಪ ಅದನ್ನು ಕಂಡು, ಮುದ್ದಿನ ಹೆಸರುಗಳೆಲ್ಲ ಮರೆತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: 'ಲೇ ಬೋರಯ್ಯ, ಎಲ್ಲಿಗೆ ಹೋಗ್ತೀಯಾ, ಬಾ ಇಲ್ಲಿ!'

ಕೂಸು ತಿರುಗಿ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ನಾನು ಓಡಿ ಎತ್ತಿಕೊಂಡೆ. ಎತ್ತಿಕೊಂಡು ತಿರುಗಿದರೆ ಅವ್ವ ಜಗುಲಿಯ ಮೇಲೆ ಎದ್ದು ನಿಂತಿದ್ದಳು. ಮಂಡಿನೋವಿನವಳು, ಯಾರ ಆಸರೆಯೂ ಇಲ್ಲದೆ ಎದ್ದಿದ್ದಳು. ಅಪ್ಪ ಸಂಜೆ ದನ ಹೊಡೆದುಕೊಂಡು ಬಂದಾಗ ಮಾಡುತ್ತಿದ್ದಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೀದಿಯ ಕಡೆಗೇ ನೋಡುತ್ತಿದ್ದಳು. ಹೆದರಿ ಏದುಸಿರು ಬಿಡುತ್ತಿದ್ದ ಶಿಲ್ಪ, ಎಲ್ಲರೆದುರು ಹಾಗೆ ಅರಚಿದ್ದಕ್ಕೆ ಬೈಯುತ್ತಾರೇನೋ ಎಂದು ಅವಳನ್ನೇ ನೋಡಿದಳು.

'ಇನ್ನೊಂದು ಕಿತ ಕೂಗವ್ವ' ಎಂದಳು ಅವ್ವ.

ಕೂಸು ನನ್ನ ತೋಳಿನಲ್ಲೇ ಇತ್ತು. ಆದರೂ ಶಿಲ್ಪ ಬೀದಿಯ ಕಡೆಗೆ ತಿರುಗಿ, ಮೊದಲಿಗಿಂತ ಗಟ್ಟಿಯಾಗಿ ಕೂಗಿದಳು.