ಇಸ್ತ್ರಿಯಮ್ಮನ ತಿಂಗಳಿಗೊಂದು ಅರ್ಜಿ

ಗಂಡನನ್ನು ಕೊಂದವನಿಗೆ ಗಲ್ಲು ಎಂದು ಜಡ್ಜು ಓದಿದ ದಿನ ಬೀದಿಯವರೆಲ್ಲ ಇಸ್ತ್ರಿಯಮ್ಮನ ಮನೆಗೆ ಬಂದು, ಮಗಳಿಗೆ ಗಂಡು ಗೊತ್ತಾದ ಮನೆಗೆ ಬರುವ ಹಾಗೆ, ಸಂತೋಷ ಹೇಳಿ ಹೋದರು. ಅವಳಿಗೆ ಮಗಳೂ ಇರಲಿಲ್ಲ, ಮಗನೂ ಇರಲಿಲ್ಲ. ಇದ್ದದ್ದು ಬೀದಿ ತಿರುವಿನಲ್ಲಿ ತಗಡು ಹೊದಿಸಿದ ಒಂದು ಅಂಗಡಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಮತ್ತು ಬಾಯಿ ಜೋರಿನ ಒಬ್ಬ ನಾದಿನಿ.

"ಇನ್ನು ಅಣ್ಣನ ಆತ್ಮಕ್ಕೆ ಶಾಂತಿ ಸಿಗುತ್ತೆ ಅತ್ತಿಗೆ," ಎಂದಳು ನಾದಿನಿ.

"ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದು ನಾನು ಕಣೇ. ಅವರ ಆತ್ಮ ಎಂಥದ್ದು ಅಂತ ನನಗೆ ಗೊತ್ತು."

ಗಂಡ ಗೋದಾಮಿನ ಕಾವಲುಗಾರನಾಗಿದ್ದ. ಮೂಟೆ ಕೊರೆಯುವ ಇಲಿಗಳಿಗಾಗಿ ಮಾಲೀಕರು ಬೋನು ಕೊಟ್ಟಿದ್ದರು. ಬಿದ್ದ ಇಲಿಯನ್ನು ಬಕೆಟ್ಟಿನಲ್ಲಿ ಮುಳುಗಿಸಬೇಕೆಂದು ಅಪ್ಪಣೆಯಿತ್ತು. ಈ ಪುಣ್ಯಾತ್ಮ ಬೋನಿಗೆ ಟವೆಲು ಹೊದಿಸಿಕೊಂಡು, ಎರಡು ಬೀದಿ ದಾಟಿ, ಬೇರೆಯವರ ಗೋದಾಮಿನ ಹಿಂದೆ ಬಿಟ್ಟು ಬರುತ್ತಿದ್ದ. ಅವನು ವಾಪಸು ಬರುವಷ್ಟರಲ್ಲಿ ಇಲಿ ಅವನಿಗಿಂತ ಮುಂಚೆ ಬಂದು ಮೂಟೆಯ ಮೇಲೆ ಕೂತಿರುತ್ತಿತ್ತು.

"ಒಂದು ಇಲಿ ಸಾಯಿಸೋ ಯೋಗ್ಯತೆ ಇಲ್ಲ, ಕಾವಲು ಬೇರೆ," ಎಂದು ಹೆಂಡತಿ ಹಂಗಿಸಿದರೆ, "ನನ್ನ ಕೆಲಸ ಕಾಯೋದು ಕಣೇ, ಸಾಯಿಸೋದಲ್ಲ," ಎನ್ನುತ್ತಿದ್ದ.

ಅಂಥವನನ್ನು ಒಂದು ಸಂಜೆ ಮೂಟೆ ಕದಿಯಲು ಬಂದ ಹಮಾಲಿಯೊಬ್ಬ, ಮೂಟೆ ಎತ್ತುವ ಕೊಕ್ಕೆಯಿಂದಲೇ ಹೊಡೆದು ಕೊಂದುಬಿಟ್ಟ. ಇಸ್ತ್ರಿಯಮ್ಮ ಎದೆ ಬಡಿದುಕೊಂಡು ಅತ್ತಳು. ಅವನ ಕೈ ಸೇದಿಹೋಗಲಿ ಎಂದು ಮಣ್ಣು ತೂರಿ ಶಾಪ ಹಾಕಿದಳು. ಆದರೆ ಗಲ್ಲು ಎಂದಾಗ ಅವಳಿಗೆ ಬೇರೆಯೇ ದಿಗಿಲು ಹತ್ತಿತು. ಇಲಿಗೆ ಟವೆಲು ಹೊದಿಸಿದವನ ಹೆಸರಿನಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಕರಿ ಚೀಲ ಹೊದಿಸಿದರೆ, ಸತ್ತ ಮೇಲೂ ಆತ ತನ್ನ ಜೊತೆ ಮಾತು ಬಿಡುತ್ತಾನೆ ಎಂದು.

ಒಂದು ಸೋಮವಾರ ಅಂಗಡಿ ಮುಚ್ಚಿ, ಒಂದು ಅರ್ಜಿ ಬರೆಸಿಕೊಂಡು, ಗಲ್ಲಿನ ಫೈಲು ನೋಡುವ ಸರ್ಕಾರಿ ಕಚೇರಿಗೆ ಹೋದಳು. ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತದೆ ಕೇಳಿದ, "ಕೈದಿಗೆ ನೀವೇನಾಗಬೇಕು?"

"ಅವನು ಕೊಂದನಲ್ಲ ಸಾರ್, ಆ ಕಾವಲುಗಾರನ ಹೆಂಡತಿ."

ಗುಮಾಸ್ತ ತಲೆಯೆತ್ತಿದ. "ಬೇಗ ಗಲ್ಲಿಗೆ ಹಾಕಿ ಅನ್ನೋರು ಮೂರನೇ ಕಿಟಕಿಗೆ ಹೋಗಬೇಕಮ್ಮ."

"ಹಾಕಬೇಡಿ ಅನ್ನೋಕೆ ಬಂದಿದೀನಿ."

"ಫಾರಂನಲ್ಲಿ ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಅಷ್ಟೇ ಇದ್ದಾರೆ. ನಿಮ್ಮನ್ನ ಎಲ್ಲಿ ತುರುಕಲಿ?"

"ಎಲ್ಲಾದ್ರೂ ತುರುಕಿ. ಬದುಕಿದ್ದಾಗ ನನ್ನ ಗಂಡನ ಹೆಸರಲ್ಲಿ ಒಂದು ರೇಷನ್ ಕಾರ್ಡು ನೆಟ್ಟಗೆ ಮಾಡಿಕೊಡಲಿಲ್ಲ ನೀವು. ಈಗ ಅವರ ಹೆಸರಲ್ಲಿ ಒಂದು ಹೆಣ ಮಾತ್ರ ಅಷ್ಟು ಸಲೀಸಾಗಿ ಕೊಡ್ತೀರಾ?"

ಹಿಂದಿನ ಸಾಲಿನವರು ನಕ್ಕರು. ಗುಮಾಸ್ತನಿಗೆ ಕೋಪ ಬಂದರೂ ಅರ್ಜಿ ತಿರಸ್ಕರಿಸುವುದಕ್ಕೂ ಯಾವ ಫಾರಮ್ಮೂ ಇರಲಿಲ್ಲ. ಕೊನೆಗೆ ಅದನ್ನು 'ಹೆಚ್ಚುವರಿ ಕಾಗದ' ಎಂದು ಬರೆದು ಕೈದಿಯ ಫೈಲಿಗೆ ಗುಂಡುಪಿನ್ನಿನಿಂದ ಚುಚ್ಚಿದ.

ಅಲ್ಲೇ ಇದ್ದದ್ದು ಮರ್ಮ. ವಾರಕ್ಕೆರಡು ಬಿಳಿ ಅಂಗಿ ಇಸ್ತ್ರಿಗೆ ಕೊಡುವ ಮುದುಕರೊಬ್ಬರಿದ್ದರು, ಅದೇ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿದ್ದು ನಿವೃತ್ತರಾದವರು. ವಿಷಯ ಕೇಳಿ ಅವರು ಅಂಗಡಿಯ ಸ್ಟೂಲಿನ ಮೇಲೆ ಕೂತು, ಕೆಮ್ಮು ಬರುವ ತನಕ ನಕ್ಕರು.

"ಅವನ ಅಪ್ಪ ಕಳಿಸಿದ ಕ್ಷಮಾದಾನದ ಅರ್ಜಿ ಇಷ್ಟೊತ್ತಿಗೆ ಐದನೇ ಮೇಜು ಮುಟ್ಟಿರಬೇಕು. ಆರನೇ ಮೇಜು ಹತ್ತಿದರೆ ತಿರಸ್ಕಾರದ ಮೊಹರು, ಆಸಾಮಿ ಮುಗಿದ. ಆದರೆ ಹೊಸ ಕಾಗದ ಸೇರಿತು ಅಂದ್ರೆ ಫೈಲು ಕೆಳಗಿಳಿದು, ಮೊದಲನೇ ಮೇಜಿನಿಂದ ಮತ್ತೆ ಅಭಿಪ್ರಾಯ ಬರೆಸಿಕೊಂಡು ಬರಬೇಕು. ಇದು ನಾನೇ ಮಾಡಿದ ಪದ್ಧತಿ. ಬ್ರಹ್ಮ ಬಂದರೂ ತಪ್ಪಿಸೋಕಾಗಲ್ಲ."

"ಹಾಗಾದ್ರೆ ಯಜಮಾನ್ರೇ, ತಿಂಗಳಿಗೊಂದು ಕಾಗದ ಬರಕೊಡಿ."

"ಏನಂತ ಬರೀಲಿ?"

"ಅದು ನನಗೆ ಬಿಡಿ."

ಅಲ್ಲಿಂದ ಶುರುವಾಯಿತು. ಒಂದು ತಿಂಗಳು ಗಂಡ ಇಲಿ ಬಿಡುತ್ತಿದ್ದ ಸಂಗತಿ ಬರೆಸಿದಳು. ಮುಂದಿನ ತಿಂಗಳು, ಕಳೆದ ಅರ್ಜಿಯಲ್ಲಿ ಎರಡು ಬೀದಿ ಎಂದದ್ದು ತಪ್ಪು, ಮೂರು ಬೀದಿ ಎಂದು ತಿದ್ದುಪಡಿ. ಅದರ ಮುಂದಿನ ತಿಂಗಳು, ನನ್ನ ವಿಳಾಸ ಬದಲಾಗಿಲ್ಲವೆಂದು ತಿಳಿಯಪಡಿಸುತ್ತೇನೆ ಎಂದು. ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: ನನ್ನ ಗಂಡನ ಹೆಸರಲ್ಲಿ ಯಾರನ್ನೂ ಸಾಯಿಸಬೇಡಿ. ಫೈಲು ಏಣಿ ಹತ್ತುವುದು, ಇಳಿಯುವುದು.

ನಾದಿನಿ ಮಾತ್ರ ಬೆಂಕಿಯಾದಳು. "ಊರಿಗೊಂದು ದಾರಿಯಾದ್ರೆ ಎಡವಟ್ಟಿಗೇ ಒಂದು ದಾರಿ! ಅಣ್ಣನ ರಕ್ತ ಕುಡಿದವನಿಗೆ ಆಯಸ್ಸು ಬೇಡ್ತೀಯಲ್ಲ, ನಾಚಿಕೆ ಆಗಲ್ವಾ ಅತ್ತಿಗೆ?"

"ಆಗುತ್ತೆ. ಅದಕ್ಕೇ ತಿಂಗಳಿಗೊಂದೇ ಸಲ ಬೇಡ್ತೀನಿ."

ಐದು ವರ್ಷ ಹೀಗೇ ನಡೆಯಿತು. ಆರನೇ ವರ್ಷ ಇಸ್ತ್ರಿಯಮ್ಮನಿಗೆ ವಿಷಮಜ್ವರ ಹಿಡಿದು ಎರಡು ತಿಂಗಳ ಕಾಗದ ತಪ್ಪಿತು. ಅಡ್ಡಿಯಿಲ್ಲದ ಫೈಲು ಸರಸರ ಐದನೇ ಮೇಜು ಹತ್ತಿತು. ಹೆಡ್ ಗುಮಾಸ್ತರು ತಾವೇ ಕಾಗದ ಬರೆದು ತಂದು ಅವಳ ಹೆಬ್ಬೆಟ್ಟು ಒತ್ತಿಸಿದರು, ಆದರೆ ಅವರ ಮಂಡಿನೋವಿಗೆ ಕಚೇರಿಯ ಮೆಟ್ಟಿಲು ದೂರ. ಶುಶ್ರೂಷೆಗೆ ಬಂದಿದ್ದ ನಾದಿನಿಯ ಹೊರತು ಬೇರೆ ಯಾರೂ ಇರಲಿಲ್ಲ.

"ಕೊಟ್ಟು ಬಾರೇ," ಎಂದಳು ಇಸ್ತ್ರಿಯಮ್ಮ, ಕಣ್ಣು ಬಿಡಲಾರದೆ.

ನಾದಿನಿ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದವಳು ಎರಡು ದಿನ ಅದರ ಮಾತೇ ಎತ್ತಲಿಲ್ಲ. ಇಸ್ತ್ರಿಯಮ್ಮ ಕೇಳಲೂ ಇಲ್ಲ. ಕೇಳಿದರೆ ಹಟಕ್ಕೆ ಹರಿದುಹಾಕುತ್ತಾಳೆಂದು ಗೊತ್ತಿತ್ತು. ಮೂರನೆಯ ದಿನ ನಾದಿನಿ ಬಂದು ಚೀಲ ಕುಕ್ಕಿದಳು.

"ಕೊಟ್ಟೆ ಮಾರಾಯ್ತಿ. ಕೊಡದೇ ಇದ್ದಿದ್ರೆ ಹಗ್ಗ ನಾನೇ ಎಳೆದ ಹಾಗಾಗ್ತಿತ್ತು. ಆ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟು ಆಳಿಟ್ಟಿದೆ, ನಾನ್ಯಾಕೆ ಬಿಟ್ಟಿ ಮಾಡ್ಲಿ?"

ಏಳನೇ ವರ್ಷ ದೊಡ್ಡ ಕೋರ್ಟು ಕಣ್ಣು ಬಿಟ್ಟಿತು. ಒಬ್ಬ ಮನುಷ್ಯನನ್ನು ಇಷ್ಟು ಕಾಲ ಸಾವಿನ ಬಾಗಿಲಲ್ಲಿ ನಿಲ್ಲಿಸಿದ್ದು ತಪ್ಪು, ಕಚೇರಿಯ ವಿಳಂಬ ಅಕ್ಷಮ್ಯ ಎಂದು ಛೀಮಾರಿ ಹಾಕಿ, ಗಲ್ಲನ್ನು ಜೀವಾವಧಿಗೆ ಇಳಿಸಿತು. ಯಾರೂ ಕ್ಷಮಿಸಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಬಾಯಿ ಬಿಡುವ ಮುಂಚೆ ಪೂಜಾರಿಗಳ ಸೋಮಾರಿತನವೇ ವರವಾಗಿತ್ತು. ತಮ್ಮ ಪದ್ಧತಿಗೆ ಛೀಮಾರಿ ಬಿದ್ದದ್ದನ್ನು ಹೆಡ್ ಗುಮಾಸ್ತರು ಪೇಪರಿನಲ್ಲಿ ಎರಡು ಸಲ ಓದಿಸಿಕೊಂಡು, ಬಹಳ ಹೆಮ್ಮೆಪಟ್ಟರು. ಆದರೆ ತಾನು ಆ ಕೈದಿಯನ್ನು ಎಷ್ಟು ದಿನ ಬಾಗಿಲಲ್ಲಿ ನಿಲ್ಲಿಸಿದ್ದೆ ಎಂಬ ಮಾತು ಇಸ್ತ್ರಿಯಮ್ಮನನ್ನು ಬಿಡಲಿಲ್ಲ.

ಅದಕ್ಕೇ ಜೈಲಿಗೆ ಹೊರಟಳು. ನಾದಿನಿ ಬೆನ್ನುಹತ್ತಿದಳು. ಜಾಲರಿಯ ಆಚೆ ಬಂದು ನಿಂತವನಿಗೆ ಮೂವತ್ತರ ಸುಮಾರಿನಲ್ಲೇ ತಲೆ ಬೆಳ್ಳಗಾಗಿತ್ತು. ಕೈ ಮುಗಿದ.

"ಮುಗೀಬೇಡ. ನಾನು ನಿನ್ನ ಕ್ಷಮಿಸಿಲ್ಲ," ಎಂದಳು ಇಸ್ತ್ರಿಯಮ್ಮ. "ಪ್ರತಿ ತಿಂಗಳೂ ಹೆದರಿಕೆ ಆಗ್ತಿತ್ತಾ?"

"ಪ್ರತಿ ಬೆಳಿಗ್ಗೆ ಆಗ್ತಿತ್ತಮ್ಮ."

ಇಸ್ತ್ರಿಯಮ್ಮ ಜಾಲರಿ ಬಿಟ್ಟು ಪಕ್ಕಕ್ಕೆ ಸರಿದಳು. ಏಳು ವರ್ಷದಿಂದ ಕಾದಿದ್ದ ಜಾಗಕ್ಕೆ ನಾದಿನಿ ನುಗ್ಗಿದಳು. ಅವನ ಅಪ್ಪನಿಂದ ಹಿಡಿದು ಹುಟ್ಟಿದ ಗಳಿಗೆಯ ತನಕ ಒಂದೂ ಬಿಡದೆ ಬೈದಳು, ಅತ್ತಳು, ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಬೈದಳು. ಅವನು ತಲೆ ತಗ್ಗಿಸಿ ಕೇಳಿದ. ಗಂಟೆ ಬಾರಿಸಿದಾಗ ಅವಳದು ಇನ್ನೂ ಅರ್ಧವಾಗಿರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟಿದ ನಾದಿನಿ ಕಾವಲಿನವನ ಕಡೆ ತಿರುಗಿದಳು.

"ಅಣ್ಣಾ, ಮುಂದಿನ ತಿಂಗಳು ಯಾವ ವಾರ ನೋಡೋಕೆ ಬಿಡ್ತೀರಾ?"