ಅಡರಕಟ್ಟಿಯ ಕಲ್ಲು, ಬೆಳ್ಳಟ್ಟಿಯ ಕಲ್ಲು

ಮೊನ್ನೆ ಅಡುಗೆಕಟ್ಟೆಗೆ ಗ್ರಾನೈಟ್ ತರಲು ಗದಗಿನ ಅಂಗಡಿಯೊಂದಕ್ಕೆ ಹೋಗಿದ್ದೆವು. ಅಂಗಡಿಯವನು ಹಾಸುಗಲ್ಲು ತಟ್ಟಿ, ಹತ್ತು ವರ್ಷ ಗ್ಯಾರಂಟಿ ಎಂದ. ಭೂಮಿಯ ಹೊಟ್ಟೆಯಲ್ಲಿ ಕೋಟಿಗಟ್ಟಲೆ ವರ್ಷ ಕಳೆದು ಬಂದ ಕಲ್ಲಿಗೆ ಇವನ ಗ್ಯಾರಂಟಿ ನೋಡಿ! ನಾನು ನಕ್ಕೆ, ಹೆಂಡತಿ ಹುಬ್ಬು ಗಂಟಿಕ್ಕಿದಳು. ನನಗೆ ನೀಲವ್ವ ಕಾಕು ನೆನಪಾಗಿದ್ದರು.

ನಾನು ಕಲ್ಲುಗಳ ವಯಸ್ಸು ಹುಡುಕುವವನು. ಹೆಣ್ಣು ನೋಡಲು ಹೋದಾಗ ನನ್ನ ಕೆಲಸ ಕೇಳಿ ಮಾವನವರು, ಇದಕ್ಕೆ ಸಂಬಳ ಯಾರು ಕೊಡುತ್ತಾರೆ ಎಂದಿದ್ದರು. ಅದಿರಲಿ. ಸಂಶೋಧನೆಯ ದಿನಗಳಲ್ಲಿ ಅಡರಕಟ್ಟಿಯ ಫಕೀರಪ್ಪ ಕಾಕಾ ನನಗೊಂದು ಕೋಣೆ ಕೊಟ್ಟಿದ್ದರು, ಅವರ ಹೆಂಡತಿ ನೀಲವ್ವ ಬಿಸಿ ರೊಟ್ಟಿ ಹಾಕುತ್ತಿದ್ದರು. ಕಾಕುವಿನ ತವರು ಬೆಳ್ಳಟ್ಟಿ. ಅಡರಕಟ್ಟಿಯ ಗ್ರಾನೈಟನ್ನೂ ಬೆಳ್ಳಟ್ಟಿ ಕಡೆಯ ಕಪ್ಪು ಜ್ವಾಲಾಮುಖಿ ಕಲ್ಲನ್ನೂ ಒಡೆದು ತಂದು ಪಡಸಾಲೆಯಲ್ಲಿ ಒಟ್ಟಿದ್ದೆ. ಅಷ್ಟೇ ಸಾಕಾಯಿತು, ಯಾರ ಊರಿನ ಕಲ್ಲು ಹಿರಿಯದು ಎಂದು ಗಂಡ ಹೆಂಡತಿಗೆ ಹತ್ತಿಕೊಂಡಿತು.

ಕಾಕಾಗೆ ಇದು ಚೇಷ್ಟೆ, ಕಾಕುಗೆ ಅಲ್ಲ. ಮದುವೆಯಾಗಿ ಹೊಸ್ತಿಲು ದಾಟಿದ ದಿನವೇ ಅತ್ತೆ ಆಕೆಯ ಬಣ್ಣ ನೋಡಿ ‘ಕರೀ ಕಲ್ಲಿನ ಊರಾಕಿ’ ಎಂದಿದ್ದರಂತೆ. ಅದೇ ಹೆಸರಾಗಿ ಉಳಿದಿತ್ತು. ಅತ್ತೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಕಾಕಾ ನಗುತ್ತ ಹಾಗೇ ಕರೆಯುತ್ತಿದ್ದರು, ಕಾಕು ಓಗೊಡುತ್ತಿದ್ದರು.

ನಮ್ಮ ಕಡೆ ದಸರೆಯಲ್ಲಿ ಕಿರಿಯರು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ, ಹೆಂಡತಿ ಗಂಡನಿಗೆ. ಕಾಕು ಪಣ ಒಡ್ಡಿದರು: “ಯಾರ ಊರಿನ ಕಲ್ಲ ಕಿರಿದೈತಿ, ಈ ಸಲ ಅವರು ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು. ಆತೇನ್ರಿ?” ಕಾಕಾ ಮೀಸೆ ತಿರುವಿ ಒಪ್ಪಿದರು.

ಕಲ್ಲು ಪುಡಿಮಾಡಿ, ಅದರೊಳಗಿನ ಧೂಳಿನಷ್ಟು ಸಣ್ಣ ಹರಳುಗಳನ್ನು ಹೆಕ್ಕಿ ದೂರದ ಪ್ರಯೋಗಾಲಯಕ್ಕೆ ಕಳಿಸಿದೆ. ಫಲಿತಾಂಶ ಬಂತೇ ಎಂದು ನನ್ನ ಮಾರ್ಗದರ್ಶಕರಿಗಿಂತ ಹೆಚ್ಚು ಸಲ ಕೇಳಿದವರು ಕಾಕು. ದಸರೆಯ ಹೊತ್ತಿಗೆ ಬಂತು: ಕಪ್ಪು ಕಲ್ಲೇ ಹಿರಿಯದು, ಗ್ರಾನೈಟ್ ಆಮೇಲಿನದು. ಇಂಥ ಲೆಕ್ಕದಲ್ಲಿ ಲಕ್ಷಗಟ್ಟಲೆ ವರ್ಷ ಹೆಚ್ಚುಕಮ್ಮಿ ಇರುತ್ತದೆ ಎಂದೂ ಕಾಕಾನ ಮುಖ ನೋಡಿ ಸೇರಿಸಿದೆ. ಕೋಣೆ ಬಿಡಿಸಿಯಾರು ಎಂಬ ಹೆದರಿಕೆ.

ಬನ್ನಿಯ ಸಂಜೆ ಓಣಿಗೆ ಓಣಿಯೇ ಪಡಸಾಲೆಯಲ್ಲಿತ್ತು. ಕಾಕಾ ನಗಿಸಲೆಂದೇ ರುಮಾಲು ಸರಿಪಡಿಸಿಕೊಂಡು, ಬನ್ನಿ ಕೊಟ್ಟು ಬಾಗಿದರು. ಜನ ಹೋ ಎಂದರು. ಕಾಕು ನಾಚಿ ಕಾಲು ಹಿಂದೆಳೆಯುತ್ತಾರೆ ಎಂದುಕೊಂಡಿದ್ದೆ. ಎಳೆಯಲಿಲ್ಲ. ಗಂಡನ ತಲೆಯ ಮೇಲೆ ಕೈಯಿಟ್ಟರು.

“ಬಂಗಾರದಂಗ ಇರ್ರಿ. ಇನ್ನ ಮ್ಯಾಲೆ ನನ್ನ ಹೆಸರು ಹಿಡದು ಕರೀರಿ.”

ನಗು ನಿಂತುಹೋಯಿತು. ಕಾಕಾ ಎದ್ದು ಆಕೆಯ ಮುಖ ನೋಡಿದರು. “ಆತು, ನೀಲವ್ವ” ಎಂದರು.

ಇದನ್ನೆಲ್ಲ ಅಂಗಡಿಯಲ್ಲೇ ನಿಂತು ಹೆಂಡತಿಗೆ ಹೇಳಿದೆ. ತನ್ನ ತವರು ಮುಂಡರಗಿಯ ಕಲ್ಲಿಗೆ ಎಷ್ಟು ವಯಸ್ಸಾಗಿರಬೇಕು ಎಂದು ಆಕೆ ಮೆಲ್ಲಗೆ ಕೇಳಿದಳು. ಇನ್ನೂ ಅಳೆದಿಲ್ಲ, ಅಳೆಯುವವರೆಗೂ ಕಾಯುವುದೇಕೆ, ಈ ದಸರೆಗೆ ಬನ್ನಿ ನಾನೇ ಮೊದಲು ಕೊಡುತ್ತೇನೆ ಎಂದುಬಿಟ್ಟೆ.