ಒಂದು ಶ್ರುತಿ ಕೆಳಗೆ

ಮಳೆಗಾಲದಲ್ಲಿ ವಸ್ತ್ರಾಪುರದ ನಮ್ಮ ಫ್ಲ್ಯಾಟಿನ ಕಪಾಟು ತೇವ ಹಿಡಿಯಿತೆಂದು ಒಳಗೊಂದು ಬಲ್ಬು ಉರಿಸಿಟ್ಟೆ. ಸಂಜೆ ಬಾಗಿಲು ತೆರೆದಾಗ ಬಿಸಿಯಾದ ಹಳೆಯ ಮರದ ವಾಸನೆ ಮುಖಕ್ಕೆ ಬಡಿಯಿತು. ಆ ಕ್ಷಣ ನಾನು ಮತ್ತೆ ಚಿಕ್ಕಂದಿನಲ್ಲಿ ಕಂಡ, ವಡೋದರಾದ ವಿಮಲತ್ತೆಯ ಮುಂದಿನ ಕೋಣೆಯಲ್ಲಿ ನಿಂತಿದ್ದೆ. ಮಳೆಗಾಲವಿಡೀ ಅಲ್ಲಿ ಪಿಯಾನೊದ ಹೊಟ್ಟೆಯೊಳಗೆ ಇಂಥದೇ ಬಲ್ಬು ಉರಿಯುತ್ತಿತ್ತು.

ರೈಲ್ವೆಯಲ್ಲಿದ್ದ ಅಜ್ಜನಿಗೆ ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾದಾಗ ಅತ್ತೆ ಇನ್ನೂ ಲಂಗದ ಹುಡುಗಿ. ಪಕ್ಕದ ಕ್ವಾರ್ಟರ್ಸಿನ ಟೀಚರಮ್ಮನಿಂದ ಪಿಯಾನೊ ಕಲಿತಳು. ಗುಜರಾತಿಯನ್ನು ಓಣಿಯ ಹೆಂಗಸರ ಹಾಡಿನಿಂದಲೇ ಕಲಿತಳು. ಮದುವೆ ಮನೆಗಳಲ್ಲಿ ಶುರುವಾದ ಅವಳ ಹಾಡು ನವರಾತ್ರಿಯ ಗರ್ಬಾ ಕುಣಿತದ ಮೈದಾನಕ್ಕೆ ಬೆಳೆಯಿತು. ಸೂರತ್ತಿನಲ್ಲಿ ರಿಕ್ಷಾದವನು ಅವಳ ದನಿ ಕೇಳಿಯೇ ಹಿಂದೆ ತಿರುಗಿ ನೋಡುತ್ತಿದ್ದ. ಆದರೆ ನಮ್ಮನ್ನು ಬೈಯುವುದು ಮಾತ್ರ ಹುಬ್ಬಳ್ಳಿ ಮಾತಿನಲ್ಲೇ.

ಒಂದು ವರ್ಷ ನವರಾತ್ರಿಗೆ ಮುಂಚೆ ಅವಳ ಗಂಟಲಿನ ಆಪರೇಷನ್ ಆಯಿತು. ದನಿ ಉಳಿಯಿತು, ಎತ್ತರ ಹೋಯಿತು; ಇನ್ನು ಒಂದು ಶ್ರುತಿ ಕೆಳಗೇ ಹಾಡಬೇಕು. ಗರ್ಬಾ ಸಮಿತಿಯ ಶೇಠರು ತಾಲೀಮು ಕೇಳಲು ಮನೆಗೇ ಬಂದರು. ಸದಾ ಅವಳ ಹಾಡಿಗೆ ಕೊಳಲು ಊದುವ ಜಯಂತಿಭಾಯ್ ಆಗಲೇ ಬಂದು ಕುಳಿತಿದ್ದರು. ಅತ್ತೆಯ ಬದಲು ಹಾಡಿಸಲು ಶೇಠರ ಮನಸ್ಸಿನಲ್ಲಿ ಬೇರೊಬ್ಬ ಹುಡುಗಿ ಇದ್ದಾಳೆಂಬುದು ಎಲ್ಲರಿಗೂ ಗೊತ್ತಿತ್ತು. ಶ್ರುತಿ ಇಳಿದದ್ದು ಅವರ ಕಿವಿಗೆ ಬಿದ್ದರೆ ಅತ್ತೆಯ ಮೈದಾನ ಅಲ್ಲಿಗೇ ಮುಗಿದಂತೆ.

ಒಳಗೆ ಅಜ್ಜಿ ಅತ್ತೆಗೆ ಪಿಸುಗುಟ್ಟಿದಳು: “ಕೊಳಲಿನಾಂವಗ ಹೇಳಿಯೇನವಾ?”

“ಹೆಂಗ ಹೇಳ್ಲೆವ್ವಾ? ಬಾಯಿ ಬರವಲ್ದು.”

ಬಾಗಿಲ ಬಳಿ ನಿಂತಿದ್ದ ನಾನು ಅದನ್ನು ಕೇಳಿಸಿಕೊಂಡೆ. ಪಿಯಾನೊದ ಮೇಲೆ ಕೈ ಸರಿಸಿದರೆ ಶ್ರುತಿ ಇಳಿಯುತ್ತದೆ; ಕೊಳಲು ಹಾಗಲ್ಲ, ಶ್ರುತಿ ಇಳಿಸಲು ಇನ್ನೂ ಉದ್ದದ ಬೇರೆ ಕೊಳಲೇ ಬೇಕು. ಜಯಂತಿಭಾಯ್ ಹಳೆಯ ಕೊಳಲನ್ನೇ ಊದಿದರೆ ಕೋಣೆಗೆಲ್ಲ ಗುಟ್ಟು ಬಯಲು. ಅತ್ತೆ ಬಂದು ಪಿಯಾನೊದ ಮುಂದೆ ಕುಳಿತಳು. ಅವಳ ಕೈ ಸದಾ ನಿಲ್ಲುತ್ತಿದ್ದ ಜಾಗದಿಂದ ಎಡಕ್ಕೆ ಸರಿಯಿತು. ಶೇಠರು ತಟ್ಟೆಗೆ ಸುರಿದುಕೊಂಡ ಚಹಾ ಕುಡಿಯದೆ ಹಾಗೇ ಹಿಡಿದಿದ್ದರು. ಅತ್ತೆ ಮೊದಲ ಸಾಲು ಹಾಡಿದಳು, ಜಯಂತಿಭಾಯ್ ಕಡೆ ನೋಡಲಿಲ್ಲ. ಅವರು ಚೀಲಕ್ಕೆ ಕೈ ಹಾಕಿ, ನಾನು ಎಂದೂ ಕಾಣದ ಒಂದು ಉದ್ದ ಕೊಳಲನ್ನು ತೆಗೆದು ತುಟಿಗಿಟ್ಟರು. ದನಿಯ ಕೆಳಗೆ ಅಂಗೈ ಹಿಡಿದ ಹಾಗೆ ಕೊಳಲು ಬಂತು. ಎರಡನೆಯ ಸಾಲಿಗೆ ಶೇಠರೇ ಗುನುಗತೊಡಗಿದರು. ಚಹಾ ಆರಿತ್ತು, ಒಂದೇ ಗುಟುಕಿಗೆ ಕುಡಿದು, “ಬೇನ್, ಈ ಸಲ ಮೈದಾನಕ್ಕೆ ಬೇಗ ಬನ್ನಿ, ಟ್ರಾಫಿಕ್ ಜಾಸ್ತಿ,” ಎಂದು ಎದ್ದರು.

ಅವರು ಹೋದ ಮೇಲೆ ಅತ್ತೆ ಕೇಳಿದಳು: “ಜಯಂತಿಭಾಯ್, ಇದನ್ನು ಯಾವಾಗ ಮಾಡಿಸಿದಿರಿ?”

“ಆಪರೇಷನ್ ಆದ ಮೇಲೆ ಫೋನು ಮಾಡಿದಿರಲ್ಲ, ಆಗಲೇ. ಚಹಾಕ್ಕೆ ಕರೆದಿರೋ ಜಗಳಕ್ಕೋ ತಿಳಿಯಲಿಲ್ಲ, ಅಷ್ಟು ದಪ್ಪಗಿತ್ತು ದನಿ.”

ಅತ್ತೆ ನಗಲು ಹೋದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆಯೂ ಅವಳು ಹಲವು ನವರಾತ್ರಿ ಹಾಡಿದಳು. ಜಯಂತಿಭಾಯ್ ತೀರಿಹೋದ ವರ್ಷ ಮೈದಾನಕ್ಕೆ ಕರೆದೊಯ್ಯುವ ಕಾರು ಬಾಗಿಲಿಗೆ ಬಂದರೂ ಅವಳು ಹೊರಡಲಿಲ್ಲ. “ದನಿ ಐತಿ, ಹಿಡಿಯಾಂವ ಇಲ್ಲ,” ಅಂದಳು, ಅಷ್ಟೆ.

ಈಗ ಅವಳೂ ಇಲ್ಲ, ಆ ಮನೆಯೂ ಇಲ್ಲ. ಗರ್ಬಾ ಮೈದಾನದಲ್ಲಿ ಯಾವ ಹುಡುಗಿಯದಾದರೂ ದನಿ ಮೇಲೇರುತ್ತದೆ. ಜನ ಅವಳನ್ನು ನೋಡುತ್ತಾರೆ. ನಾನು ಅವಳ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂದು ನೋಡುತ್ತೇನೆ.